ಏಪ್ರಿಲ್‌ನಲ್ಲಿ ರಿಗ್ಲಿ ಫೀಲ್ಡ್: ಮೊದಲ ಸಲ ಬೇಸ್‌ಬಾಲ್ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಕೊನೆಗೆ ಬೇಸ್‌ಬಾಲ್ ಋತು ಶುರುವಾಯಿತೆಂದರೆ ಶಿಕಾಗೊ ಸುತ್ತಮುತ್ತಲಿನ ಕನ್ನಡದ ಗೆಳೆಯರಿಂದ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವರು ಈಗಷ್ಟೇ ಊರು ಬಿಟ್ಟು ಇಲ್ಲಿಗೆ ಬಂದವರು. ಕೆಲವರು ಹತ್ತು ವರ್ಷದಿಂದ ಇಲ್ಲೇ ಇದ್ದರೂ ಮೈದಾನದ ಒಳಗೆ ಕಾಲಿಡದವರು. ನಾನು ಕಬ್ಸ್ ತಂಡದ ಅಭಿಮಾನಿ. ಹಾಗಾಗಿ ಉತ್ತರಗಳೆಲ್ಲ ಕಬ್ಸ್‌ನ ತವರು ಅಂಗಳವಾದ ರಿಗ್ಲಿ ಫೀಲ್ಡ್ ಕುರಿತಾಗಿಯೇ ಇವೆ.

ಏಪ್ರಿಲ್ ಚಳಿಯಲ್ಲಿ ಯಾಕೆ ಹೋಗಬೇಕು? ಬಿಸಿಲು ಬಂದ ಮೇಲೆ ಹೋದರೆ ಆಗದಾ?

ಆಗುತ್ತದೆ. ಆದರೆ ಆಟ ಕಲಿಯುವ ಆಸೆ ಇದ್ದವರಿಗೆ ಏಪ್ರಿಲ್‌ನಷ್ಟು ಒಳ್ಳೆಯ ತಿಂಗಳು ಇನ್ನೊಂದಿಲ್ಲ. ಒಂದೊಂದು ತಂಡವೂ ಋತುವಿಗೆ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತವರಿನಲ್ಲಿ. ಏಪ್ರಿಲ್‌ನಲ್ಲಿ ಮೂವತ್ತೂ ತಂಡಗಳಿಗೆ ಇನ್ನೂ ಆಸೆ ಇರುತ್ತದೆ. ಹೊಸ ಆಟಗಾರ ಯಾರು, ಯಾರನ್ನು ಯಾವ ಕ್ರಮಾಂಕದಲ್ಲಿ ಆಡಿಸುತ್ತಾರೆ, ಚಳಿಗಾಲದಲ್ಲಿ ಗಾಯಕ್ಕೆ ಚಿಕಿತ್ಸೆ ಪಡೆದ ಪಿಚರ್‌ನ (ಚೆಂಡು ಎಸೆಯುವವನ) ತೋಳು ಹೇಗಿದೆ ಎಂಬುದನ್ನೆಲ್ಲ ಅಲ್ಲಿ ಕೂತವರೂ ನಿಮ್ಮ ಹಾಗೆಯೇ ಹೊಸದಾಗಿ ನೋಡುತ್ತಿರುತ್ತಾರೆ.

ಇನ್ನೊಂದು ಕಾರಣ ಜನ. ಬೇಸಿಗೆ ರಜೆ ಬಂತೆಂದರೆ ರಿಗ್ಲಿ ತುಂಬಾ ಪ್ರವಾಸಿಗರು. ಏಪ್ರಿಲ್‌ನ ಬುಧವಾರ ಮಧ್ಯಾಹ್ನ ಬರುವವರು ಆಟಕ್ಕಾಗಿಯೇ ಬಂದವರು. ನಿಮ್ಮ ಪಕ್ಕದಲ್ಲಿ ಕಿವಿಗೆ ರೇಡಿಯೊ ಸಿಕ್ಕಿಸಿಕೊಂಡ ಅಜ್ಜನೊಬ್ಬ ಕೂತಿದ್ದರೆ ಅದು ನಿಮ್ಮ ಅದೃಷ್ಟ. ಸಂಕೋಚ ಬಿಟ್ಟು ಕೇಳಿ. ಈ ಆಟದ ಅಭಿಮಾನಿಗಳಿಗೆ ವಿವರಿಸುವುದೆಂದರೆ ಬಹಳ ಇಷ್ಟ.

ಮಧ್ಯಾಹ್ನದ ಪಂದ್ಯವೇ ರಿಗ್ಲಿಯ ಹಳೆಯ ರೂಢಿ. ಮೈದಾನ ಕಟ್ಟಿದ್ದು 1914ರಲ್ಲಿ, ಕಬ್ಸ್ ಇಲ್ಲಿಗೆ ಬಂದದ್ದು 1916ರಲ್ಲಿ. ಆದರೆ ದೀಪದ ಬೆಳಕಿನಲ್ಲಿ ಇಲ್ಲಿ ಕಬ್ಸ್ ಪಂದ್ಯ ನಡೆದದ್ದು 1988ರ ಆಗಸ್ಟ್‌ನಲ್ಲಿ ಮೊದಲ ಸಲ. ಅಲ್ಲಿಯವರೆಗೆ ಕಬ್ಸ್‌ನ ತವರು ಪಂದ್ಯಗಳೆಲ್ಲ ಹಗಲಿನಲ್ಲೇ. ಈಗಲೂ ಮಧ್ಯಾಹ್ನ 1:20ಕ್ಕೆ ಶುರುವಾಗುವ ಪಂದ್ಯಗಳು ಸಾಕಷ್ಟು ಸಿಗುತ್ತವೆ. ಸಾಧ್ಯವಿದ್ದರೆ ಒಂದು ದಿನ ರಜೆ ಹಾಕಿ ಅದಕ್ಕೇ ಹೋಗಿ.

ಚಳಿ ನಿಜವಾಗಲೂ ಅಷ್ಟಿರುತ್ತಾ?

ಹೌದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈದಾನದಿಂದ ಮಿಶಿಗನ್ ಸರೋವರ ಸುಮಾರು ಒಂದು ಮೈಲಿ ಅಷ್ಟೆ. ಏಪ್ರಿಲ್‌ನಲ್ಲಿ ಸರೋವರದ ನೀರು ಇನ್ನೂ ಚಳಿಗಾಲದ್ದೇ. ಗಾಳಿ ಪೂರ್ವದಿಂದ ಬೀಸಿತೆಂದರೆ ಆ ತಂಪೆಲ್ಲ ನೇರ ಮೈದಾನದ ಒಳಗೆ. ಸರೋವರದಿಂದ ದೂರದ ಉಪನಗರ ನೇಪರ್‌ವಿಲ್‌ನಲ್ಲಿ ಬರೀ ಅಂಗಿ ಸಾಕೆನಿಸುವ ದಿನ ರಿಗ್ಲಿಯಲ್ಲಿ ಜಾಕೆಟ್‌ನ ಜಿಪ್ ಕುತ್ತಿಗೆವರೆಗೆ ಏರಿಸಿ ಕೂರಬೇಕಾಗುತ್ತದೆ. ಹವಾಮಾನ ನೋಡುವಾಗ ನಿಮ್ಮ ಊರಿನದ್ದಲ್ಲ, ಸರೋವರದ ದಂಡೆಯದ್ದು ನೋಡಿ. ಗಾಳಿಯ ದಿಕ್ಕನ್ನೂ ನೋಡಿ.

ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಕಿವಿ ಮುಚ್ಚುವ ಟೋಪಿ, ಉಣ್ಣೆಯ ಕಾಲುಚೀಲ, ಕೈಗವಸು. ಕಾಲ ಕೆಳಗೆ ಕಾಂಕ್ರೀಟ್ ಇರುವುದರಿಂದ ಮೊದಲು ಮರಗಟ್ಟುವುದು ಪಾದ. ಹಳೆಯ ಅಭಿಮಾನಿಗಳು ಒಂದು ರಟ್ಟಿನ ತುಂಡು ತಂದು ಕಾಲ ಕೆಳಗೆ ಹಾಕಿಕೊಳ್ಳುತ್ತಾರೆ. ನೋಡಲು ಏನೂ ಅಲ್ಲ, ಆದರೆ ಬಹಳ ಉಪಕಾರಿ. ಹೊದೆಯಲು ಕಂಬಳಿ ಒಂದಿದ್ದರೆ ಮಕ್ಕಳು ಕೊನೆಯವರೆಗೂ ಹಟ ಮಾಡದೆ ಕೂರುತ್ತಾರೆ.

ಎಲ್ಲಿ ಕೂರುವುದು ಒಳ್ಳೆಯದು?

ಏಪ್ರಿಲ್‌ನಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ ಎನ್ನುವುದೇ ಮುಖ್ಯ. ಬ್ಯಾಟರ್ ನಿಂತು ಆಡುವ ಜಾಗವಾದ ಹೋಮ್ ಪ್ಲೇಟ್ ಇರುವುದು ಮೈದಾನದ ನೈಋತ್ಯ ಮೂಲೆಯಲ್ಲಿ. ಸೂರ್ಯ ಪಶ್ಚಿಮಕ್ಕೆ ವಾಲಿದ ಹಾಗೆ ಮೂರನೇ ಬೇಸ್ ಬದಿಗೆ, ಅಂದರೆ ಹೋಮ್ ಪ್ಲೇಟ್‌ನಿಂದ ನೋಡಿದರೆ ಎಡಕ್ಕೆ, ಮೊದಲು ನೆರಳು ಬೀಳುತ್ತದೆ. ಬಲ ಔಟ್‌ಫೀಲ್ಡ್ ಕಡೆಯ ಸೀಟುಗಳಿಗೂ ಅದರಾಚೆಯ ಬ್ಲೀಚರ್ಸ್ ಎಂಬ ಬೆಂಚುಗಳ ಜಾಗಕ್ಕೂ ಹೆಚ್ಚು ಹೊತ್ತು ಬಿಸಿಲು ಸಿಗುತ್ತದೆ. ಜುಲೈನಲ್ಲಿ ಜನ ನೆರಳಿಗಾಗಿ ಹೆಚ್ಚು ಹಣ ಕೊಡುತ್ತಾರೆ. ಏಪ್ರಿಲ್‌ನಲ್ಲಿ ಅದೇ ಜಾಗ ಫ್ರಿಜ್ಜಿನ ಹಾಗಿರುತ್ತದೆ.

ಕೆಳ ಅಂತಸ್ತಿನ ಹಿಂದಿನ ಸಾಲುಗಳಲ್ಲಿ ಇನ್ನೊಂದು ತೊಂದರೆ ಇದೆ. ಮೇಲಿನ ಅಂತಸ್ತನ್ನು ಹೊತ್ತ ಕಬ್ಬಿಣದ ಕಂಬಗಳು ಅಲ್ಲಿ ಅಡ್ಡ ಬರುತ್ತವೆ. ಪಿಚರ್ ಕಂಡರೆ ಬ್ಯಾಟರ್ ಕಾಣುವುದಿಲ್ಲ, ಹಾಗಾಗಬಹುದು. ಕೊಳ್ಳುವ ಮುನ್ನ ಆ ಸೀಟಿನಿಂದ ಕಾಣುವ ನೋಟ ಹೇಗಿದೆ ಎಂದು ನೋಡಿಕೊಳ್ಳಿ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಒಂದೇ: ಮೇಲಿನ ಅಂತಸ್ತು, ಹೋಮ್ ಪ್ಲೇಟ್‌ನ ಹಿಂದೆ, ಮುಂದಿನ ಸಾಲುಗಳು. ಅಲ್ಲಿಂದ ಒಂಬತ್ತೂ ಫೀಲ್ಡರ್‌ಗಳು ಒಟ್ಟಿಗೆ ಕಾಣುತ್ತಾರೆ. ಚೆಂಡು ಬ್ಯಾಟಿಗೆ ತಗುಲಿದ ಕೂಡಲೇ ಅವರೆಲ್ಲ ಒಂದೊಂದು ದಿಕ್ಕಿಗೆ ಓಡುವುದು ಕಾಣುತ್ತದೆ. ಟಿವಿಯಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಬ್ಲೀಚರ್ಸ್‌ನಲ್ಲಿ ಸೀಟಿನ ನಂಬರ್ ಇಲ್ಲ, ಬೆಂಚಿನಲ್ಲಿ ಮೊದಲು ಬಂದವರಿಗೆ ಜಾಗ. ಗಲಾಟೆ, ಬಿಯರ್, ಹಾಡು ಬೇಕಿದ್ದವರು ಅಲ್ಲಿಗೆ ಹೋಗಲಿ.

ಟಿಕೆಟ್ ದುಬಾರಿಯೇ?

ಎದುರಾಳಿ ಯಾರು, ವಾರದ ಯಾವ ದಿನ ಎಂಬುದರ ಮೇಲೆ ಬೆಲೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್, ಡಾಡ್ಜರ್ಸ್, ಯಾಂಕೀಸ್ ಬಂದಾಗ ಏರುತ್ತದೆ. ಏಪ್ರಿಲ್‌ನ ವಾರದ ನಡುವಿನ ದಿನಗಳಲ್ಲಿ, ಅದರಲ್ಲೂ ಚಳಿಯ ಮುನ್ಸೂಚನೆ ಇದ್ದರೆ, ಮರುಮಾರಾಟದ ಟಿಕೆಟ್‌ಗಳ ಬೆಲೆ ಪಂದ್ಯದ ಹೊತ್ತು ಹತ್ತಿರವಾದ ಹಾಗೆ ಇಳಿಯುತ್ತದೆ. ಟಿಕೆಟ್ ಫೋನಿನ ಆ್ಯಪ್‌ನಲ್ಲೇ ಬರುತ್ತದೆ. ಬ್ಯಾಟರಿ ತುಂಬಿಸಿಕೊಂಡು ಹೋಗಿ, ಚಳಿಗೆ ಫೋನ್ ಬೇಗ ಸತ್ತುಹೋಗುತ್ತದೆ.

ಕಾರಿನಲ್ಲಿ ಹೋಗಬಹುದಾ?

ಬೇಡ. ಮೈದಾನ ಇರುವುದು ಮನೆಗಳ ನಡುವೆ, ಪಾರ್ಕಿಂಗ್ ಕಡಿಮೆ, ಇದ್ದದ್ದೂ ದುಬಾರಿ. ರೆಡ್ ಲೈನ್ ರೈಲು ಹಿಡಿದು ಆ್ಯಡಿಸನ್ ನಿಲ್ದಾಣದಲ್ಲಿ ಇಳಿದರೆ ಮೈದಾನ ಕಣ್ಣೆದುರಿಗೇ. ನೇಪರ್‌ವಿಲ್, ಅರೋರಾ ಕಡೆಯವರು ಬಿಎನ್‌ಎಸ್‌ಎಫ್ ಮೆಟ್ರಾ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ವರೆಗೆ ಬಂದು, ಪೂರ್ವಕ್ಕೆ ಸ್ಟೇಟ್ ಸ್ಟ್ರೀಟ್‌ವರೆಗೆ ನಡೆದು ರೆಡ್ ಲೈನ್ ಹತ್ತಬಹುದು. ಉತ್ತರದ ಉಪನಗರಗಳವರು ಸ್ಕೋಕಿಯಲ್ಲಿ ಕಾರು ನಿಲ್ಲಿಸಿ ಯೆಲ್ಲೋ ಲೈನ್‌ನಲ್ಲಿ ಹಾವರ್ಡ್‌ಗೆ ಬಂದು ರೈಲು ಬದಲಿಸಿದರೆ ಆಯಿತು.

ಎಷ್ಟು ಬೇಗ ತಲುಪಬೇಕು?

ಒಂದೂವರೆ ಗಂಟೆ ಮೊದಲು. ಕ್ಲಾರ್ಕ್ ಮತ್ತು ಆ್ಯಡಿಸನ್ ರಸ್ತೆ ಕೂಡುವಲ್ಲಿ ಕೆಂಪು ಬಣ್ಣದ ದೊಡ್ಡ ಫಲಕದ ಕೆಳಗೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಅಲ್ಲಿಂದ ಪಕ್ಕದ ಗ್ಯಾಲಗರ್ ವೇ ಅಂಗಳಕ್ಕೆ ಹೋಗಿ. ಕಬ್ಸ್‌ನ ದೊಡ್ಡ ಆಟಗಾರರ ಪ್ರತಿಮೆಗಳು ಸಾಲಾಗಿ ಅಲ್ಲಿವೆ. ಎರ್ನಿ ಬ್ಯಾಂಕ್ಸ್ 1953ರಲ್ಲಿ ಕಬ್ಸ್ ಪರ ಆಡಿದ ಮೊದಲ ಕಪ್ಪು ಆಟಗಾರ. 512 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಗೋಡೆಯಾಚೆ ಹೋಗುವ ಹೊಡೆತ) ಹೊಡೆದವರು. ಹವೆ ಚೆನ್ನಾಗಿದ್ದರೆ ಈ ದಿನ ಎರಡು ಪಂದ್ಯ ಆಡೋಣ ಎನ್ನುತ್ತಿದ್ದರು, ಆ ಮಾತು ಇಂದಿಗೂ ಇಲ್ಲಿನವರ ಬಾಯಲ್ಲಿದೆ. ರೈನ್ ಸ್ಯಾಂಡ್‌ಬರ್ಗ್ ಪ್ರತಿಮೆ ನಿಲ್ಲಿಸಿದ್ದು 2024ರ ಜೂನ್ 23ರಂದು. ಸರಿಯಾಗಿ 40 ವರ್ಷ ಹಿಂದೆ, ಅದೇ ದಿನ, ಕಾರ್ಡಿನಲ್ಸ್ ವಿರುದ್ಧ ಅವರು ಆಡಿದ ಆಟವನ್ನು ಜನ ಇನ್ನೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 2025ರ ಜುಲೈನಲ್ಲಿ ಅವರು ತೀರಿಕೊಂಡರು. ಆ ಪ್ರತಿಮೆಯ ಮುಂದೆ ಒಂದು ನಿಮಿಷ ನಿಲ್ಲಿ.

ಬೇಗ ಹೋದರೆ ಆಟಗಾರರ ಅಭ್ಯಾಸವೂ ಕಾಣಸಿಗುತ್ತದೆ. ಗೆರೆ ಎಳೆಯುವುದು, ಮಣ್ಣಿಗೆ ನೀರು ಚಿಮುಕಿಸುವುದು, ಇವನ್ನೆಲ್ಲ ನೋಡುವುದರಲ್ಲೂ ಒಂದು ಸುಖವಿದೆ.

ಕ್ರಿಕೆಟ್ ಗೊತ್ತು, ಬೇಸ್‌ಬಾಲ್ ಗೊತ್ತಿಲ್ಲ. ಕನಿಷ್ಠ ಏನು ತಿಳಿದಿರಬೇಕು?

ಒಂಬತ್ತು ಇನಿಂಗ್. ಪ್ರತಿ ಇನಿಂಗ್‌ನಲ್ಲಿ ಎರಡೂ ತಂಡ ಬ್ಯಾಟ್ ಮಾಡುತ್ತವೆ, ಮೂರು ಮಂದಿ ಔಟಾದರೆ ಸರದಿ ಬದಲು. ಅತಿಥಿ ತಂಡ ಮೊದಲು, ತವರಿನ ತಂಡ ಆಮೇಲೆ. ಬ್ಯಾಟರ್ ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್ ಆದರೆ ಆತ ಸುಮ್ಮನೆ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ. ಇಲ್ಲಿ ಬಾಲ್ ಎಂದರೆ ಗುರಿಯ ಚೌಕದ ಹೊರಗೆ ಬಿದ್ದ ಎಸೆತ, ಬ್ಯಾಟರ್ ಅದಕ್ಕೆ ಬ್ಯಾಟ್ ಬೀಸದಿದ್ದರೆ ಮಾತ್ರ. ಸ್ಟ್ರೈಕ್ ಎಂದರೆ ಬ್ಯಾಟರ್ ಬೀಸಿ ತಪ್ಪಿದ ಎಸೆತ, ಇಲ್ಲವೇ ಚೌಕದೊಳಗೆ ಬಂದರೂ ಬೀಸದೆ ಬಿಟ್ಟ ಎಸೆತ. ಗಾಳಿಯಲ್ಲಿ ಹಿಡಿದರೆ ಔಟ್. ಮೊದಲು ಇಷ್ಟು ಸಾಕು.

ನಮ್ಮವರಿಗೆ ಒಗ್ಗಲು ಹೊತ್ತು ಹಿಡಿಯುವ ಸಂಗತಿ ಬೇರೆ. ಕ್ರಿಕೆಟ್‌ನಲ್ಲಿ ವಿಕೆಟ್ ಬೀಳುವುದು ಅಪರೂಪ, ರನ್ ಬರುವುದು ಸಹಜ. ಇಲ್ಲಿ ತಿರುವುಮುರುವು. ಹತ್ತರಲ್ಲಿ ಮೂರು ಸಲ ಹಿಟ್ ಗಳಿಸುವ, ಅಂದರೆ ಹೊಡೆದು ಬೇಸ್ ಮುಟ್ಟುವ ಬ್ಯಾಟರ್ ಬಹಳ ಒಳ್ಳೆಯವನು, ಏಳು ಸಲ ಆತ ವಿಫಲನೇ. ಔಟಾಗಿ ಬಂದವನನ್ನು ಯಾರೂ ಬೈಯುವುದಿಲ್ಲ, ಆತನಿಗೆ ಇನ್ನೂ ಮೂರು ಅವಕಾಶ ಇವೆ.

ಸುಮ್ಮನೆ ನಿಂತಿರುತ್ತಾರಲ್ಲ, ಬೇಸರ ಆಗುವುದಿಲ್ಲವೇ?

ಅತ್ಯಂತ ಹೆಚ್ಚು ಬರುವ ಪ್ರಶ್ನೆ ಇದೇ. ಎಲ್ಲಿ ನೋಡಬೇಕೆಂದು ಗೊತ್ತಿಲ್ಲದಿದ್ದರೆ ಖಂಡಿತ ಬೇಸರ ಬರುತ್ತದೆ. ಹಾಗಾಗಿ ಒಂದೇ ಒಂದು ವಿಷಯ ಹಿಡಿದುಕೊಳ್ಳಿ: ಲೆಕ್ಕ. ಸ್ಕೋರ್‌ಬೋರ್ಡ್‌ನಲ್ಲಿ ಪ್ರತಿ ಎಸೆತದ ನಂತರ ಬಾಲ್ ಎಷ್ಟು, ಸ್ಟ್ರೈಕ್ ಎಷ್ಟು ಎಂದು ಬರುತ್ತದೆ. ಮೂರು ಬಾಲ್, ಒಂದು ಸ್ಟ್ರೈಕ್ ಆಗಿದ್ದರೆ ಪಿಚರ್ ಇಕ್ಕಟ್ಟಿನಲ್ಲಿದ್ದಾನೆ. ಇನ್ನೊಂದು ತಪ್ಪಿದರೆ ಬ್ಯಾಟರ್‌ಗೆ ಬೇಸ್ ಧರ್ಮಕ್ಕೆ ಸಿಗುತ್ತದೆ. ಆದ್ದರಿಂದ ನೇರ, ವೇಗದ ಎಸೆತ ಬರುವ ಸಂಭವ ಹೆಚ್ಚು. ಅದು ಬ್ಯಾಟರ್‌ಗೂ ಗೊತ್ತು. ಆತ ಕಾಲೂರಿ ನಿಂತ ರೀತಿಯಲ್ಲೇ ಅದು ಕಾಣುತ್ತದೆ. ಅದೇ ಸೊನ್ನೆ ಬಾಲ್, ಎರಡು ಸ್ಟ್ರೈಕ್ ಆಗಿದ್ದರೆ ಹಿಡಿತ ಪಿಚರ್ ಕೈಯಲ್ಲಿ. ಆಸೆ ಹುಟ್ಟಿಸಿ ಹೊರಕ್ಕೆ ತಿರುಗುವ ಸ್ಲೈಡರ್ ಎಸೆಯುತ್ತಾನೆ. ಬ್ಯಾಟರ್ ಬೀಸಿದರೆ ಕೆಟ್ಟ.

ಒಬ್ಬ ಜಾಣ ಸ್ಪಿನ್ನರ್ ಎರಡು ಓವರ್ ಕಾದು ಬ್ಯಾಟ್ಸ್‌ಮನ್‌ಗೆ ಬಲೆ ಹೆಣೆಯುವುದನ್ನು ನೋಡಿ ಸುಖಪಟ್ಟವರಿಗೆ ಇದು ತಕ್ಷಣ ರುಚಿಸುತ್ತದೆ. ಬೇಸ್‌ಬಾಲ್‌ನಲ್ಲಿ ಆ ಬಲೆ ಐದಾರು ಎಸೆತದಲ್ಲಿ ಮುಗಿಯುತ್ತದೆ, ಮತ್ತೆ ಹೊಸದು ಶುರುವಾಗುತ್ತದೆ. 2024ರ ಏಪ್ರಿಲ್ 1ರಂದು ಕಬ್ಸ್ ಪಿಚರ್, ಜಪಾನಿನ ಶೋಟಾ ಇಮಾನಾಗ ರಿಗ್ಲಿಯಲ್ಲಿ ಕೊಲೊರಾಡೊ ವಿರುದ್ಧ, ಇಲ್ಲಿನ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್‌ನ ತಮ್ಮ ಮೊದಲ ಪಂದ್ಯ ಆಡಿದಾಗ ಆರು ಇನಿಂಗ್ ರನ್ ಕೊಡದೆ, ಒಂಬತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು. ಮೈಮೇಲೆ ಬರುವಂಥ ಭಾರಿ ವೇಗವೇನೂ ಅವರದ್ದಲ್ಲ. ಬ್ಯಾಟರ್‌ಗಳ ಎಣಿಕೆ ಕೆಡಿಸುವುದೇ ಅವರ ಬಲ.

ಈಗ ಆಟ ಮೊದಲಿನಷ್ಟು ನಿಧಾನವೂ ಅಲ್ಲ. 2023ರಿಂದ ಪಿಚರ್‌ಗೆ ಗಡಿಯಾರ ಇಟ್ಟಿದ್ದಾರೆ. ಬೇಸ್ ಖಾಲಿ ಇದ್ದರೆ 15 ಸೆಕೆಂಡ್‌ನಲ್ಲಿ ಎಸೆಯಬೇಕು, ಓಟಗಾರ ಇದ್ದರೆ 18. ಪಂದ್ಯ ಈಗ ಸಾಮಾನ್ಯವಾಗಿ ಎರಡೂಮುಕ್ಕಾಲು ಗಂಟೆಯ ಒಳಗೆ ಮುಗಿಯುತ್ತದೆ. ಒಂಬತ್ತು ಇನಿಂಗ್‌ಗೆ ಸಮ ಆದರೆ ಮುಂದುವರಿಯುತ್ತದೆ, ಹತ್ತನೆಯದರಿಂದ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ಮೊದಲೇ ನಿಲ್ಲಿಸಿರುತ್ತಾರೆ.

ಬ್ಯಾಟರ್ ತಲೆ ಮುಟ್ಟಿಕೊಂಡ ಕೂಡಲೇ ಆಟ ನಿಲ್ಲುತ್ತದಲ್ಲ, ಅದೇನು?

2026ರಿಂದ ಬಂದ ನಿಯಮ. ಬಾಲೋ ಸ್ಟ್ರೈಕೋ ಎಂಬ ಅಂಪೈರ್ ತೀರ್ಪನ್ನು ಬ್ಯಾಟರ್, ಪಿಚರ್ ಅಥವಾ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಪ್ರಶ್ನಿಸಬಹುದು. ತಲೆ ಮುಟ್ಟುವುದು ಅದರ ಸನ್ನೆ. ಕ್ಯಾಮೆರಾಗಳು ಹಿಡಿದ ಚೆಂಡಿನ ದಾರಿ ಪರದೆಯಲ್ಲಿ ಬರುತ್ತದೆ. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಅವಕಾಶ ಉಳಿಯುತ್ತದೆ. ಡಿಆರ್‌ಎಸ್ ನೋಡಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಜನ ಪೆನ್ಸಿಲ್ ಹಿಡಿದು ಏನೋ ಬರೆಯುತ್ತಿರುತ್ತಾರೆ. ನಾನೂ ಬರೆಯಬಹುದಾ?

ಬರೆಯಲೇಬೇಕು. ಈ ಪುಟದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಮೈದಾನದಲ್ಲಿ ಸ್ಕೋರ್‌ಕಾರ್ಡ್ ಮಾರುತ್ತಾರೆ, ಪೆನ್ಸಿಲ್ ಮನೆಯಿಂದ ಒಯ್ಯಿರಿ, ಚಳಿಯಲ್ಲಿ ಪೆನ್ನು ಕೈಕೊಡುತ್ತದೆ.

ಪ್ರತಿ ಫೀಲ್ಡರ್‌ಗೆ ಒಂದು ಅಂಕೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಷಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವವ) 6, ಎಡ ಔಟ್‌ಫೀಲ್ಡ್ 7, ಮಧ್ಯ 8, ಬಲ 9. ಇದು ಜೆರ್ಸಿ ನಂಬರ್ ಅಲ್ಲ, ನಿಂತ ಜಾಗದ್ದು.

ಈಗ ಒಂದು ಅರ್ಧ ಇನಿಂಗ್ ಬರೆಯೋಣ. ಮೊದಲ ಬ್ಯಾಟರ್ ನೆಲಕ್ಕೆ ಉರುಳಿಸಿದ ಚೆಂಡನ್ನು ಷಾರ್ಟ್‌ಸ್ಟಾಪ್ ಹಿಡಿದು, ಬ್ಯಾಟರ್ ಓಡಿ ತಲುಪುವ ಮೊದಲೇ ಮೊದಲ ಬೇಸ್‌ಗೆ ಎಸೆದ, ಹಾಗಾಗಿ ಬ್ಯಾಟರ್ ಔಟ್. ಆ ಚೌಕದಲ್ಲಿ 6-3 ಎಂದು ಬರೆದು, ಒಂದು ಔಟ್ ಎಂದು ಸುತ್ತು ಹಾಕಿ. ಎರಡನೆಯವನು ನಾಲ್ಕು ಬಾಲ್ ಕಾದು ನಡೆದು ಹೋದ. ಚೌಕದ ಮೂಲೆಯಿಂದ ಮೊದಲ ಬೇಸ್‌ವರೆಗೆ ಗೆರೆ ಎಳೆಯಿರಿ. ಮೂರನೆಯವನೂ ಷಾರ್ಟ್‌ಸ್ಟಾಪ್ ಕಡೆಗೇ ಹೊಡೆದ. ಆತ ಎರಡನೇ ಬೇಸ್‌ಗೆ ಎಸೆದ, ಅಲ್ಲಿಂದ ಮೊದಲ ಬೇಸ್‌ಗೆ. ಒಂದೇ ಹೊಡೆತಕ್ಕೆ ಇಬ್ಬರು ಔಟ್: 6-4-3. ಕಬ್ಸ್‌ನ 2025ರ ತಂಡದಲ್ಲಿ ಆ ಮೂರು ಅಂಕೆಗಳೆಂದರೆ ಡ್ಯಾನ್ಸ್‌ಬಿ ಸ್ವಾನ್ಸನ್, ನಿಕೊ ಹೋರ್ನರ್, ಮೈಕಲ್ ಬುಷ್. ಹೋರ್ನರ್ ಚೆಂಡು ಹಿಡಿದು, ಮೇಲೆ ನುಗ್ಗಿ ಬರುವ ಓಟಗಾರನಿಂದ ತಪ್ಪಿಸಿಕೊಂಡು ತಿರುಗಿ ಎಸೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಬರೆಯುವವನು ಅದನ್ನು ತಪ್ಪಿಸಿಕೊಳ್ಳುವುದಿಲ್ಲ, ಯಾಕೆಂದರೆ ಆತನ ಕಣ್ಣು ಮೈದಾನ ಬಿಟ್ಟು ಕದಲುವುದಿಲ್ಲ.

ಸ್ಟ್ರೈಕ್‌ಔಟ್‌ಗೆ ಕೆ ಅಕ್ಷರ. ಮೂರನೇ ಸ್ಟ್ರೈಕ್‌ಗೆ ಬ್ಯಾಟ್ ಬೀಸದೆ ನೋಡುತ್ತಾ ನಿಂತು ಔಟಾದರೆ ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುತ್ತಾರೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಈ ಕೆಲಸ ಕೊಟ್ಟು ನೋಡಿ. ಮೂರನೇ ಇನಿಂಗ್‌ಗೆ ಅವರೇ ನಿಮ್ಮನ್ನು ತಿದ್ದುತ್ತಾರೆ.

ಬಳ್ಳಿ ಹಬ್ಬಿದ ಗೋಡೆ ಅಂತ ಕೇಳಿದ್ದೆ, ಏಪ್ರಿಲ್‌ನಲ್ಲಿ ಅದು ಹಸಿರಾಗಿರುತ್ತಾ?

ಇಲ್ಲ. 1937ರಲ್ಲಿ ನೆಟ್ಟ ಬಳ್ಳಿ ಏಪ್ರಿಲ್‌ನಲ್ಲಿ ಕಂದು ಕಡ್ಡಿಗಳ ಬಲೆ. ಹಿಂದಿನ ಇಟ್ಟಿಗೆ ಪೂರಾ ಕಾಣುತ್ತದೆ. ಹಸಿರು ತುಂಬಲು ಮೇ ಬರಬೇಕು. ಬೇಸಿಗೆಯಲ್ಲಿ ಚೆಂಡು ಎಲೆಗಳ ನಡುವೆ ಸಿಕ್ಕಿ ಕಳೆದುಹೋದರೆ ಫೀಲ್ಡರ್ ಎರಡೂ ಕೈ ಮೇಲೆತ್ತುತ್ತಾನೆ, ಬ್ಯಾಟರ್‌ಗೆ ಎರಡು ಬೇಸ್ ಎಂದು ಅಂಪೈರ್ ಸಾರುತ್ತಾರೆ. ಕೈ ಎತ್ತದೆ ಬಳ್ಳಿಯೊಳಗೆ ಕೈ ಹಾಕಿ ಹುಡುಕಿದರೆ ಆಟ ನಡೆಯುತ್ತಲೇ ಇರುತ್ತದೆ. ಏಪ್ರಿಲ್‌ನಲ್ಲಿ ಚೆಂಡು ಇಟ್ಟಿಗೆಗೆ ಬಡಿದು ಜೋರಾಗಿ ಹಿಂದಕ್ಕೆ ಚಿಮ್ಮುತ್ತದೆ. ಗೋಡೆಗೆ ಮೆತ್ತೆ ಇಲ್ಲ. ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು ಹಿಡಿಯುವ ಆಟಗಾರನ ಎದೆಗಾರಿಕೆ ಎಷ್ಟೆಂದು ಆ ಬೋಳು ಗೋಡೆ ನೋಡಿದರೆ ತಿಳಿಯುತ್ತದೆ. 2025ರಲ್ಲಿ 31 ಹೋಮ್ ರನ್ ಹೊಡೆದು 35 ಬೇಸ್ ಕದ್ದ (ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿದ) ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ ಮಧ್ಯ ಔಟ್‌ಫೀಲ್ಡ್‌ನಲ್ಲಿ ಓಡುವುದನ್ನು ನೋಡಲಿಕ್ಕೆಂದೇ ಹೋಗಬಹುದು.

ಎಲ್ಲರೂ ಗಾಳಿಯ ಮಾತೇ ಆಡುತ್ತಾರೆ, ಯಾಕೆ?

ಯಾಕೆಂದರೆ ಇಲ್ಲಿ ಹತ್ತನೇ ಆಟಗಾರ ಅದೇ. ಮಧ್ಯ ಔಟ್‌ಫೀಲ್ಡ್ ಮೇಲಿರುವ ಸ್ಕೋರ್‌ಬೋರ್ಡ್ ನೋಡಿ. ಅದೂ 1937ರದ್ದು. ಇವತ್ತಿಗೂ ಒಳಗೆ ಮನುಷ್ಯರು ಕೂತು ಅಂಕೆಯ ಫಲಕಗಳನ್ನು ಕೈಯಿಂದ ಬದಲಿಸುತ್ತಾರೆ. ಪಂದ್ಯದಲ್ಲಿ ಹೊಡೆದ ಒಂದು ಚೆಂಡೂ ಇದುವರೆಗೆ ಅದಕ್ಕೆ ತಗುಲಿಲ್ಲ. ಅದರ ನೆತ್ತಿಯಲ್ಲಿ ಕಬ್ಸ್ ಇರುವ ನ್ಯಾಷನಲ್ ಲೀಗ್ ತಂಡಗಳ ಬಾವುಟಗಳು, ಆಯಾ ದಿನದ ಸ್ಥಾನಕ್ಕೆ ತಕ್ಕ ಕ್ರಮದಲ್ಲಿ. ಅವು ಯಾವ ಕಡೆಗೆ ಹಾರುತ್ತಿವೆ ಎಂದು ನೋಡಿದರೆ ಆ ದಿನದ ಆಟ ಅರ್ಧ ತಿಳಿಯುತ್ತದೆ.

ನಮ್ಮ ಕಡೆಗೆ, ಅಂದರೆ ಹೋಮ್ ಪ್ಲೇಟ್ ಕಡೆಗೆ ಹಾರುತ್ತಿದ್ದರೆ ಸರೋವರದ ತಂಪು ಗಾಳಿ ಒಳಗೆ ಬರುತ್ತಿದೆ ಎಂದರ್ಥ. ಬ್ಯಾಟಿನಿಂದ ಹೊರಟಾಗ ಹೋಮ್ ರನ್ ಎಂದು ಕಂಡ ಚೆಂಡು ಗೋಡೆಯ ಮುಂದೆಯೇ ಫೀಲ್ಡರ್ ಕೈಗೆ ಬೀಳುತ್ತದೆ. ಏಪ್ರಿಲ್‌ನ ಬಹಳಷ್ಟು ದಿನ ಹೀಗೆಯೇ, ಒಂದೆರಡು ರನ್‌ಗಳ ಬಿಗಿ ಪಂದ್ಯ.

ದಿಕ್ಕು ತಿರುಗಿದರೆ ಕಥೆಯೇ ಬೇರೆ. 1976ರ ಏಪ್ರಿಲ್ 17ರಂದು ಕಬ್ಸ್ 13-2ರಿಂದ ಮುಂದಿದ್ದರು. ಫಿಲಡೆಲ್ಫಿಯಾದ ಮೈಕ್ ಸ್ಮಿಟ್ ಸತತ ನಾಲ್ಕು ಸರದಿಯಲ್ಲಿ ನಾಲ್ಕು ಹೋಮ್ ರನ್ ಹೊಡೆದರು, ಹತ್ತು ಇನಿಂಗ್‌ಗೆ 18-16ರಿಂದ ಕಬ್ಸ್ ಸೋತರು. 1979ರ ಮೇ 17ರಂದು ಅದೇ ಎರಡು ತಂಡ, ಅದೇ ಮೈದಾನ, 23-22. ಹತ್ತಿರದ್ದು ಬೇಕೆಂದರೆ 2025ರ ಏಪ್ರಿಲ್ 18. ಕಬ್ಸ್ 7-1ರಿಂದ ಮುಂದಿದ್ದಾಗ ಎಂಟನೇ ಇನಿಂಗ್‌ನಲ್ಲಿ ಅರಿಜೋನಾ ಹತ್ತು ರನ್ ಹೊಡೆಯಿತು. ಸೀಟು ಬಿಟ್ಟು ಎದ್ದವರು ಕೆಟ್ಟರು. ಅದೇ ಇನಿಂಗ್‌ನ ಎರಡನೇ ಅರ್ಧದಲ್ಲಿ ಕಬ್ಸ್ ಆರು ರನ್ ತಿರುಗಿ ಹೊಡೆದು 13-11ರಿಂದ ಗೆದ್ದಿತು.

ಸಸ್ಯಾಹಾರಿಗಳಿಗೆ ತಿನ್ನಲು ಏನು ಸಿಗುತ್ತದೆ?

ಕಡಲೆಕಾಯಿ, ಪಾಪ್‌ಕಾರ್ನ್, ಪ್ರೆಟ್ಜೆಲ್, ಫ್ರೆಂಚ್ ಫ್ರೈಸ್, ಚೀಸ್ ಹಾಕಿದ ನಾಚೋಸ್, ಚೀಸ್ ಪಿಜ್ಜಾ. ಶಿಕಾಗೊ ಹಾಟ್‌ಡಾಗ್ ದನದ ಮಾಂಸದ್ದು, ತಿನ್ನದವರು ನೆನಪಿಡಿ. ತಿನ್ನುವವರಿಗೆ ಅದರ ಮೇಲೆ ಸಾಸಿವೆ, ಈರುಳ್ಳಿ, ಟೊಮೇಟೊ, ಉಪ್ಪಿನಲ್ಲಿ ನೆನೆದ ಸೌತೆಕಾಯಿ, ಹಸಿಮೆಣಸು ಬರುತ್ತವೆ. ಕೆಚಪ್ ಮಾತ್ರ ಈ ಊರಿನವರಿಗೆ ಆಗಿಬರುವುದಿಲ್ಲ.

ನನಗೆ ಇಷ್ಟವಾದದ್ದು ಕಡಲೆಕಾಯಿ. ಸಿಪ್ಪೆ ಸಮೇತ ಹುರಿದು ಚೀಲದಲ್ಲಿ ಕೊಡುತ್ತಾರೆ. ಬಿಡಿಸಿ ಸಿಪ್ಪೆಯನ್ನು ಕಾಲ ಬಳಿಯೇ ಹಾಕುವುದು ಇಲ್ಲಿ ರೂಢಿ, ಯಾರೂ ಏನೂ ಅನ್ನುವುದಿಲ್ಲ. ಬಸವನಗುಡಿ ಪರಿಷೆ ಕಂಡವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಮನೆಯ ತಿಂಡಿಯನ್ನು ಚಿಕ್ಕ ಪೊಟ್ಟಣದಲ್ಲಿ ಒಯ್ಯಲು ರಿಗ್ಲಿಯಲ್ಲಿ ಬಿಡುತ್ತಾ ಬಂದಿದ್ದಾರೆ. ಚಪಾತಿ ಸುರುಳಿ, ಕೋಡುಬಳೆ ಚಳಿಯಲ್ಲಿ ಬಹಳ ಹಿತ. ಚೀಲದ ಅಳತೆ, ಬಾಟಲಿ, ಫ್ಲಾಸ್ಕ್‌ಗಳ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಹಿಂದಿನ ದಿನ ತಂಡದ ವೆಬ್‌ಸೈಟ್ ನೋಡಿಕೊಳ್ಳಿ. ಒಳಗೆ ನೋಟು ನಡೆಯುವುದಿಲ್ಲ, ಕಾರ್ಡ್ ಬೇಕು.

ಚೆಂಡು ನಮ್ಮ ಕಡೆ ಬಂದರೆ ವಾಪಸ್ ಕೊಡಬೇಕಾ?

ಚಿನ್ನಸ್ವಾಮಿಯಲ್ಲಿ ಕೊಡಬೇಕು, ಇಲ್ಲಿ ಬೇಡ. ಪ್ರೇಕ್ಷಕರ ನಡುವೆ ಬಿದ್ದ ಚೆಂಡು ಹಿಡಿದವರದ್ದೇ. ಬ್ಲೀಚರ್ಸ್‌ನಲ್ಲಿ ಮಾತ್ರ ಎದುರಾಳಿಯ ಹೋಮ್ ರನ್ ಚೆಂಡನ್ನು ಮೈದಾನಕ್ಕೆ ಎಸೆದುಬಿಡು ಎಂದು ಸುತ್ತಲಿನವರು ಕೂಗುತ್ತಾರೆ. ನಿಮ್ಮ ಮಗುವಿನ ಕೈಗೆ ಸಿಕ್ಕಿದ್ದರೆ ಇಟ್ಟುಕೊಳ್ಳಲಿ, ಅದರ ಖುಷಿ ದೊಡ್ಡದು. ಬಲೆ ಇಲ್ಲದ ಕಡೆ ಕೂತಿದ್ದರೆ ಪಿಚರ್ ಎಸೆಯುವಾಗ ಫೋನ್ ನೋಡಬೇಡಿ. ಗೆರೆಯಾಚೆ ಪ್ರೇಕ್ಷಕರ ಕಡೆ ಹಾರುವ ಫೌಲ್ ಚೆಂಡು ಬರುವ ವೇಗಕ್ಕೆ ಸರಿದುಕೊಳ್ಳಲು ಸಮಯ ಸಿಗುವುದಿಲ್ಲ.

ಎಲ್ಲ ಆಟಗಾರರ ಬೆನ್ನ ಮೇಲೂ 42 ಇತ್ತು. ಯಾಕೆ?

ನೀವು ಹೋದದ್ದು ಏಪ್ರಿಲ್ 15ರಂದು ಇರಬೇಕು. 1947ರ ಅದೇ ದಿನ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದು, ದಶಕಗಳಿಂದ ಕಪ್ಪು ಆಟಗಾರರನ್ನು ಮೇಜರ್ ಲೀಗ್‌ನಿಂದ ಹೊರಗಿಟ್ಟ ಗೋಡೆ ಒಡೆದರು. ಅವರ ನಂಬರ್ 42ನ್ನು 1997ರಲ್ಲಿ ಎಲ್ಲ ತಂಡಗಳಲ್ಲೂ ಶಾಶ್ವತವಾಗಿ ತೆಗೆದಿರಿಸಲಾಯಿತು. ಈ ಒಂದು ದಿನ ಮಾತ್ರ ಎಲ್ಲರೂ ಅದನ್ನೇ ತೊಡುತ್ತಾರೆ. 1947ರ ಮೇ 18ರಂದು ರಾಬಿನ್ಸನ್ ಮೊದಲ ಸಲ ರಿಗ್ಲಿಗೆ ಆಡಲು ಬಂದಾಗ 46,572 ಜನ ಟಿಕೆಟ್ ಕೊಂಡು ಬಂದಿದ್ದರು. ಈಗಿನ ರಿಗ್ಲಿಯಲ್ಲಿ ಅಷ್ಟು ಜನಕ್ಕೆ ಜಾಗವೇ ಇಲ್ಲ. ಮಕ್ಕಳ ಜೊತೆ ಹೋಗಲು ದಿನ ಆರಿಸುವುದಾದರೆ, ಅಂದು ತವರಿನಲ್ಲಿ ಪಂದ್ಯವಿದ್ದರೆ, ಇದನ್ನೇ ಆರಿಸಿ. ಮಕ್ಕಳು ಆ ನಂಬರ್ ಯಾಕೆಂದು ಕೇಳುತ್ತಾರೆ, ಹೇಳಲು ನಿಮಗೆ ಮೂರು ಗಂಟೆ ಸಮಯ ಇರುತ್ತದೆ.

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಕರೆದುಕೊಂಡು ಹೋಗಬಹುದಾ?

ಏಪ್ರಿಲ್ ಕೊನೆಯ ವಾರದವರೆಗೆ ಕಾಯಿರಿ, ಬಿಸಿಲು ಇರುವ ಮಧ್ಯಾಹ್ನ ನೋಡಿ. ಮೈಸೂರು, ಹಾಸನದಿಂದ ಬಂದವರಿಗೆ 45 ಡಿಗ್ರಿ ಫ್ಯಾರನ್‌ಹೀಟ್ ಗಾಳಿಯಲ್ಲಿ ಮೂರು ಗಂಟೆ ಕೂರುವುದು ಹಿಂಸೆ. ಹೆಚ್ಚು ಮೆಟ್ಟಿಲಿಲ್ಲದ, ಬಿಸಿಲು ಬೀಳುವ ಕೆಳ ಸಾಲು ಆರಿಸಿ. ಐದು ಇನಿಂಗ್ ನೋಡಿ ಹೊರಡುವ ಹಾಗಾದರೂ ಪರವಾಗಿಲ್ಲ ಎಂದು ಮೊದಲೇ ಹೇಳಿಬಿಡಿ. ರೇಡಿಯೊದಲ್ಲಿ ರಣಜಿ ಕಾಮೆಂಟರಿ ಕೇಳಿ ಬೆಳೆದ ತಲೆಮಾರು ಅದು. ಒಂದು ಇಡೀ ಮಧ್ಯಾಹ್ನವನ್ನು ಆಟಕ್ಕೆ ಕೊಡುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮಳೆ ಬಂದರೆ?

ಮೈದಾನದ ಮೇಲೆ ಟಾರ್ಪಾಲಿನ್ ಹೊದಿಸಿ ಕಾಯುತ್ತಾರೆ. ಶುರುವಾಗುವ ಮೊದಲೇ ರದ್ದಾದರೆ ಬೇರೆ ದಿನ ಆಡುತ್ತಾರೆ, ಟಿಕೆಟ್ ಆ ದಿನಕ್ಕೆ ನಡೆಯುತ್ತದೆ. ಐದು ಇನಿಂಗ್ ಮುಗಿದ ಮೇಲೆ ನಿಂತರೆ ಪಂದ್ಯ ಪೂರ್ಣವಾದಂತೆಯೇ ಲೆಕ್ಕ, ತವರಿನ ತಂಡ ಮುಂದಿದ್ದರೆ ನಾಲ್ಕೂವರೆ ಸಾಕು. ಛತ್ರಿ ಬಿಚ್ಚಿದರೆ ಹಿಂದಿನವರಿಗೆ ಅಡ್ಡ, ರೈನ್‌ಕೋಟ್ ಒಯ್ಯಿರಿ.

ಏಳನೇ ಇನಿಂಗ್‌ನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ, ನಾನೂ ನಿಲ್ಲಬೇಕಾ?

ನಿಲ್ಲಿ, ಹಾಡಿ. 1908ರಲ್ಲಿ ಹುಟ್ಟಿದ ‘ಟೇಕ್ ಮಿ ಔಟ್ ಟು ದ ಬಾಲ್ ಗೇಮ್’ ಹಾಡು ಅದು, ಸಾಲುಗಳು ಸುಲಭ. ಹ್ಯಾರಿ ಕ್ಯಾರೇ ಎಂಬ ವೀಕ್ಷಕ ವಿವರಣೆಗಾರ 1982ರಲ್ಲಿ ಕಬ್ಸ್‌ಗೆ ಬಂದ ಮೇಲೆ ತಮ್ಮ ಕೋಣೆಯ ಕಿಟಕಿಯಿಂದ ಹೊರಗೆ ಬಾಗಿ ಇಡೀ ಮೈದಾನವನ್ನು ಹಾಡಿಸುತ್ತಿದ್ದರು. 1998ರಲ್ಲಿ ಅವರು ತೀರಿಕೊಂಡ ನಂತರ ಪ್ರತಿ ಪಂದ್ಯಕ್ಕೂ ಅತಿಥಿಗಳು ಬಂದು ಹಾಡಿಸುತ್ತಾರೆ. ಅಷ್ಟು ಹೊತ್ತು ಕೂತ ಕಾಲಿಗೆ ಎದ್ದು ನಿಲ್ಲುವುದೂ ಬೇಕಾಗಿರುತ್ತದೆ.

ಏಪ್ರಿಲ್‌ನಲ್ಲೇ ಸೋಲುತ್ತಿದ್ದರೆ ಆ ವರ್ಷದ ಆಸೆ ಬಿಡಬೇಕಾ?

ಬಿಡಬೇಡಿ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಮೊದಲ 50 ಪಂದ್ಯಗಳಲ್ಲಿ 31 ಸೋತರು, ಅಕ್ಟೋಬರ್‌ನಲ್ಲಿ ವಿಶ್ವ ಸರಣಿ, ಅಂದರೆ ವರ್ಷದ ಅಂತಿಮ ಪ್ರಶಸ್ತಿ ಸರಣಿ ಗೆದ್ದರು. ಏಪ್ರಿಲ್‌ನಲ್ಲಿ ಒಬ್ಬ ಬ್ಯಾಟರ್‌ನ ಅಂಕಿಅಂಶ ಎಷ್ಟೇ ಕೆಟ್ಟದಾಗಿದ್ದರೂ ಆತ ಎದುರಿಸಿದ್ದು ಕೆಲವೇ ಪಿಚರ್‌ಗಳನ್ನು. ಇನ್ನೊಂದು ಕಡೆ, 1997ರಲ್ಲಿ ಕಬ್ಸ್ ಮೊದಲ 14 ಪಂದ್ಯಗಳನ್ನು ಸೋತು ಆ ವರ್ಷ ಮೇಲೇಳಲೇ ಇಲ್ಲ ಎಂಬುದೂ ನಿಜ. ಆದರೂ ಜನ ಬಂದರು. 1908ರಲ್ಲಿ ವಿಶ್ವ ಸರಣಿ ಗೆದ್ದ ಕಬ್ಸ್ ಮತ್ತೆ ಗೆದ್ದದ್ದು 2016ರಲ್ಲಿ. ಆ 108 ವರ್ಷವೂ ಪ್ರತಿ ಏಪ್ರಿಲ್‌ನಲ್ಲಿ ಈ ತಂಡದ ಜನ ಬಂದಿದ್ದಾರೆ. ಕ್ಲೀವ್‌ಲ್ಯಾಂಡ್‌ನಲ್ಲಿ ಆ ಸರಣಿಯ ಕೊನೆಯ, ಏಳನೇ ಪಂದ್ಯವನ್ನು ಕಬ್ಸ್ ಹತ್ತು ಇನಿಂಗ್‌ಗೆ 8-7ರಿಂದ ಗೆದ್ದ ರಾತ್ರಿ, ಕಾದು ತೀರಿಹೋದ ಅಪ್ಪ, ಅಜ್ಜಂದಿರ ಹೆಸರುಗಳನ್ನು ಜನ ರಿಗ್ಲಿಯ ಹೊರಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಗೆಲುವಿಗಾಗಿ ಮಾತ್ರ ಬಂದವರು ಹಾಗೆ ಬರೆಯುವುದಿಲ್ಲ.

ಭಾರತದವರು ಯಾರಾದರೂ ಆಡಿದ್ದಾರಾ?

2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಉತ್ತರ ಪ್ರದೇಶದ ರಿಂಕು ಸಿಂಗ್ (ಅದೇ ಹೆಸರಿನ ಕ್ರಿಕೆಟಿಗನಲ್ಲ) ಮತ್ತು ದಿನೇಶ್ ಪಟೇಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಕಿರಿಯ ಲೀಗ್‌ಗಳಲ್ಲಿ ಆಡಿದರು, ಮೇಜರ್ ಲೀಗ್ ಮುಟ್ಟಲಿಲ್ಲ. ಪೈರೇಟ್ಸ್ ಕಬ್ಸ್‌ನ ವಿಭಾಗದ್ದೇ ತಂಡ, ಪ್ರತಿ ವರ್ಷ ರಿಗ್ಲಿಗೆ ಬರುತ್ತದೆ.

ವೈಟ್ ಸಾಕ್ಸ್ ನೋಡಲು ಹೋದರೆ ಆಗದಾ?

ಶಿಕಾಗೊದ ಇನ್ನೊಂದು ತಂಡ ಅದು, ಧಾರಾಳವಾಗಿ ಹೋಗಿ. ಅದೇ ರೆಡ್ ಲೈನ್, ದಕ್ಷಿಣಕ್ಕೆ, 35ನೇ ಬೀದಿಯ ನಿಲ್ದಾಣ. ಪಾರ್ಕಿಂಗ್ ಸುಲಭ, ಟಿಕೆಟ್ ಅಗ್ಗ. ಅವರೂ 2005ರಲ್ಲಿ ವಿಶ್ವ ಸರಣಿ ಗೆದ್ದವರು. 2024ರಲ್ಲಿ 121 ಪಂದ್ಯ ಸೋತ ತಂಡದ ಜೊತೆ ನಿಂತ ಅಭಿಮಾನಿಗಳ ಬಗ್ಗೆ ನನಗೆ ಗೌರವವಿದೆ.

ಮುಗಿದ ಮೇಲೆ ರೈಲು ಹತ್ತಲು ನೂಕುನುಗ್ಗಲು ಇರುತ್ತದಲ್ಲ?

ಇರುತ್ತದೆ, ಆತುರ ಬೇಡ. ಕಬ್ಸ್ ಗೆದ್ದಿದ್ದರೆ ಸ್ಕೋರ್‌ಬೋರ್ಡ್ ಮೇಲೆ ನೀಲಿ ಡಬ್ಲ್ಯೂ ಅಕ್ಷರದ ಬಿಳಿ ಬಾವುಟ ಏರುತ್ತದೆ, ಸೋತಿದ್ದರೆ ಬಿಳಿ ಎಲ್ ಅಕ್ಷರದ ನೀಲಿ ಬಾವುಟ. ರೈಲಿನಲ್ಲಿ ಹಾದುಹೋಗುವವರಿಗೂ ಫಲಿತಾಂಶ ತಿಳಿಯಲಿ ಎಂದು ಶುರುವಾದ ಪದ್ಧತಿ ಇದು. ಗೆದ್ದ ದಿನ ‘ಗೋ ಕಬ್ಸ್ ಗೋ’ ಹಾಡು ಮುಗಿಯುವವರೆಗೆ ಒಳಗೇ ಇರಿ. ಆಮೇಲೂ ಆ್ಯಡಿಸನ್ ನಿಲ್ದಾಣದಲ್ಲಿ ಸಾಲು ಉದ್ದವಿದ್ದರೆ ದಕ್ಷಿಣಕ್ಕೆ ಬೆಲ್ಮಾಂಟ್‌ವರೆಗೆ ನಡೆಯಿರಿ, ಹತ್ತು ಹದಿನೈದು ನಿಮಿಷದ ದಾರಿ. ಅಲ್ಲಿ ರೆಡ್ ಲೈನ್ ಜೊತೆಗೆ ಬ್ರೌನ್ ಲೈನ್ ಕೂಡ ಸಿಗುತ್ತದೆ. ಮೆಟ್ರಾ ಹಿಡಿಯಬೇಕಾದವರು ಸಂಜೆಯ ವೇಳಾಪಟ್ಟಿಯನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.